ಬಂದದ್ದೇ ಗೊತ್ತಾಗದ ಕಾರು

ಕಚೇರಿಯ ಮಹಡಿ, ಕಿಟಕಿ ಪಕ್ಕದ ಮೇಜು
ಹದಿನಾಲ್ಕನೇ ತಾರೀಖು, ಮಂಗಳವಾರ

ನನ್ನ ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಕಣ್ಣಿಗೆ ಹಾಕುವ ಹನಿ ನಿಲ್ಲಿಸಿಬಿಟ್ಟಿದ್ದೀರಂತೆ, "ಹೋದ ಕಣ್ಣಿಗೆ ಇನ್ನೆಂಥ ಉಪಚಾರ" ಎಂದಿರಂತೆ. ಅಣ್ಣ ಹೋದ ಪತ್ರದಲ್ಲಿ ಚಾಡಿ ಹೇಳಿದ್ದಾನೆ. ಡಾಕ್ಟರು ಅದನ್ನು ಕೊಟ್ಟದ್ದು ಉರಿ ತಗ್ಗಲಿ ಎಂದು, ದಯವಿಟ್ಟು ಹಾಕಿಸಿಕೊಳ್ಳಿ. ಅತ್ತಿಗೆ, ಅಪ್ಪನಿಗೆ ಓದಿ ಹೇಳುವಾಗ ಈ ಸಾಲನ್ನು ಎರಡು ಸಲ ಓದಿ.

ಇಲ್ಲಿ ನನ್ನ ತಲೆ ಕೆಟ್ಟು ಕೆರ ಹಿಡಿದಿದೆ. ಕಚೇರಿಗೆ ಜಾಹೀರಾತಿನ ಹೊಸದೊಂದು ಕೆಲಸ ಬಂದಿದೆ. ಕರೆಂಟಿನಲ್ಲಿ ಓಡುವ ಕಾರಂತೆ, ಅದಕ್ಕೆ ಪೋಸ್ಟರು, ಕರಪತ್ರ, ಬಾಗಿಲ ಮೇಲಿನ ಬರಹ ಎಲ್ಲವನ್ನೂ ನಾನೇ ಮಾಡಬೇಕು. ಪೆಟ್ರೋಲ್ ಕಾರಾಗಿದ್ದರೆ ಕಣ್ಣು ಮುಚ್ಚಿ ಬರೆದುಕೊಡುತ್ತಿದ್ದೆ. ಇದಕ್ಕೆ ಹೊಗೆಯಿಲ್ಲ, ಗೇರಿಲ್ಲ, ನೋಡಲು ಮಕ್ಕಳ ಬೂಟಿನ ಹಾಗೆ ಮೊಂಡಾಗಿದೆ. ಮೊದಲ ಚಿತ್ರದಲ್ಲಿ ಅಭ್ಯಾಸಬಲದಿಂದ ಹಿಂದುಗಡೆ ಹೊಗೆಯ ಕೊಳವೆಯನ್ನೂ ಬರೆದುಬಿಟ್ಟಿದ್ದೆ. ಕಾರು ಕಂಪನಿಯ ಎಂಜಿನಿಯರು ನೋಡಿ, "ಇದನ್ನ ಎಲ್ಲಿಗೆ ಜೋಡಿಸ್ಲಿ ಮೇಡಂ, ನೀವೇ ಹೇಳಿ" ಎಂದರು. ಇಡೀ ಕಚೇರಿ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ.

ಆಮೇಲೆ ಅವರೇ ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದರು. ಏನು ಹೇಳಲಿ ಅಪ್ಪಾ, ಕಾರು ಹೊರಟದ್ದೇ ನನಗೆ ತಿಳಿಯಲಿಲ್ಲ. ಗೋಡೆ ಏಕೆ ಹಿಂದಕ್ಕೆ ಹೋಗುತ್ತಿದೆ ಎಂದು ಪೆಚ್ಚಾಗಿ ನೋಡುತ್ತಿದ್ದೆ. ವಾಪಸು ಬಂದವಳೇ ಒಂದೇ ಉಸಿರಿಗೆ ಬರೆದೆ: "ಬಂದದ್ದೇ ಗೊತ್ತಾಗದು!" ಕಚೇರಿಯ ಯಜಮಾನರು ಯಾರನ್ನೂ ಹೊಗಳುವ ಪೈಕಿಯಲ್ಲ. ಅವರೇ ಮೇಜು ಕುಟ್ಟಿ, "ಇದೇ ಇರ್ಲಿ, ಇನ್ನು ಕೈ ಹಚ್ಬೇಡ" ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆ ಹಿಗ್ಗು ಸಂಜೆಯವರೆಗೂ ಉಳಿಯಲಿಲ್ಲ. ಪೋಸ್ಟರಿನ ಮೂಲೆಯಲ್ಲಿ ರಸ್ತೆ ದಾಟುವವರೊಬ್ಬರನ್ನು ಬರೆಯಲು ಕುಳಿತರೆ, ಕೈ ತಾನಾಗಿ ನಿಮ್ಮನ್ನೇ ಬರೆಯಿತು. ಅದೇ ಕೋಲು, ಗುಂಡಿ ತಪ್ಪಿಸಿ ಹಾಕಿದ ಅದೇ ಅಂಗಿ, ಕಿವಿಯನ್ನು ರಸ್ತೆಯ ಕಡೆ ತಿರುಗಿಸಿ ನಿಂತ ಅದೇ ಭಂಗಿ. ದಿನಾ ಕ್ಷೌರದಂಗಡಿಯ ಹರಟೆಗೆ ಹೋಗುವಾಗ ನೀವು ನಿಲ್ಲುವುದು ಹಾಗೆಯೇ ಅಲ್ಲವೇ? ಲಾರಿ ಹೋಯಿತು, ಸ್ಕೂಟರ್ ಹೋಯಿತು, ಇನ್ನು ದಾಟಬಹುದು ಎಂದು ಕಿವಿಯಲ್ಲೇ ಅಂದಾಜು ಮಾಡಿಕೊಂಡು. ಯಾರಾದರೂ ಕೈ ಚಾಚಿದರೆ, "ಕಣ್ಣು ಹೋಗಿರೋದು, ಕಿವಿ ಅಲ್ಲ" ಎಂದು ಗದರುತ್ತೀರಿ. ನನಗೆ ಭಯವಾಗಿ ಪೆನ್ಸಿಲ್ ಕೆಳಗಿಟ್ಟೆ.

ಕಾರಿಗೆ ಸ್ವಲ್ಪ ಸದ್ದು ಬರುವ ಹಾಗೆ ಏನಾದರೂ ಹಾಕಬಹುದೇ ಎಂದು ಎಂಜಿನಿಯರನ್ನು ಕೇಳಿದೆ. "ಸದ್ದಿಲ್ಲ ಅಂತ ಮಾರೋಕೇ ನಿಮಗೆ ಕೆಲಸ ಕೊಟ್ಟಿರೋದು. ನೀವೇ ಸದ್ದು ಹಾಕಿ ಅಂದ್ರೆ ಹೇಗೆ?" ಎಂದರು. ಅದೂ ಸರಿಯೇ. ಸಾಲನ್ನಾದರೂ ಬದಲಿಸೋಣ ಎಂದರೆ ಅದು ಆಗಲೇ ಅಚ್ಚಿಗೆ ಹೋಗಿದೆಯಂತೆ. ಹೊಗೆಯಿಲ್ಲದ ಕಾರು ಒಳ್ಳೆಯದೇ, ನಿಮ್ಮ ಕೆಮ್ಮಿಗೂ ಒಳ್ಳೆಯದು. ಆದರೂ ನಾನು ಮಾಡಿದ್ದು ಒಳ್ಳೆಯ ಕೆಲಸವೋ ಕೆಟ್ಟದ್ದೋ, ಒಂದೂ ತಲೆಗೆ ಹತ್ತುತ್ತಿಲ್ಲ. ನೀವು ಹತ್ತಿರವಿದ್ದಿದ್ದರೆ ಬೈದಾದರೂ ಬುದ್ಧಿ ಹೇಳುತ್ತಿದ್ದಿರಿ.

ಅಣ್ಣನಿಗೂ ಅತ್ತಿಗೆಗೂ ನನ್ನ ನೆನಪು ತಿಳಿಸಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ಈಗಂತೂ ಬಹಳ ಬೇಕಾಗಿದೆ.

ಚಿಕ್ಕಂದಿನಲ್ಲಿ ಮನೆಯ ಗೋಡೆಯನ್ನೆಲ್ಲ ಗೀಚಿ ಹಾಳುಮಾಡಿದ
ನಿಮ್ಮ ಗೀಚುಗುಬ್ಬಿ

ವಿ.ಸೂ.: ಇದನ್ನು ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ಕಾರುಗಳು ಮೊದಲು ಓಡುವುದು ನಿಮ್ಮ ಊರಿನಲ್ಲೇ, ಬರುವ ಸೋಮವಾರದಿಂದ, ಕ್ಷೌರದಂಗಡಿಯ ಎದುರಿನ ಟ್ಯಾಕ್ಸಿ ನಿಲ್ದಾಣದಿಂದ. ಬಂದದ್ದೇ ಗೊತ್ತಾಗದು ಎಂದು ಎರಡೂ ಬಾಗಿಲಿನ ಮೇಲೆ ನಾನೇ ದಪ್ಪ ಕೆಂಪಕ್ಷರದಲ್ಲಿ ಬರೆದಿದ್ದೇನೆ. ಇಡೀ ಬೀದಿಗೆ ಕಾಣುತ್ತದೆ, ನಿಮಗೊಬ್ಬರಿಗೆ ಕಾಣುವುದಿಲ್ಲ. ರಜೆ ಸಿಕ್ಕ ಕೂಡಲೇ ಬರುತ್ತೇನೆ. ಅಲ್ಲಿಯವರೆಗೆ, ಅಪ್ಪಾ, ನನ್ನನ್ನು ಬೈದುಕೊಂಡೇ ಆಗಲಿ, ಯಾರದಾದರೂ ಕೈ ಹಿಡಿದು ದಾಟಿ.