ಚಂದ್ರಿಕೆಯ ಹಾಡು

ಹೊಂಗನೂರು, ಮಂಗಳವಾರ, ಅಕ್ಟೋಬರ್ ೧೪

ಈ ಮಕ್ಕಳಿಗೆ ಹೇಳಿ ಹೇಳಿ ಸಾಕಾಗಿದೆ. ನಾಳೆ ರೇಷ್ಮೆಹುಳುಗಳು ಹಣ್ಣಾಗಿ ನೂಲು ಬಿಡಲು ಶುರುಮಾಡುತ್ತವೆ. ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಜಗಲಿಯಲ್ಲಿ ಒಣಗಲು ಇಟ್ಟಿದ್ದೆ. ಹುಳುಗಳಿಗೆ ಸೊಪ್ಪು ಹಾಕಿ ಬರುವಷ್ಟರಲ್ಲಿ ಮಗಳು ನಿಶ್ಚಿತಾ ಬಾಚಣಿಗೆಯಿಂದ ಒಂದು ಚಂದ್ರಿಕೆಯ ಸುರುಳಿಗಳನ್ನು ಕರ್ರ್ ಕರ್ರ್ ಎಂದು ಗೀರುತ್ತ, ತಾನೇ ಕಟ್ಟಿದ ಹಾಡು ಹೇಳುತ್ತಿದ್ದಳು. ಅವಳ ತಮ್ಮ ದೀಪು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದ. ಎರಡು ಕಡೆ ಬಿದಿರಿನ ದಬ್ಬೆ ಕಿತ್ತು ಬಂದಿತ್ತು!

"ಮುರ್ದಾಕ್ಬುಟ್ರಲ್ರೋ! ಹುಳಾನ ನಿಮ್ ತಲೆ ಮ್ಯಾಲ್ ಬುಡ್ಲಾ?" ಎಂದು ಕೂಗಿದೆ.

ಅಳುತ್ತಾರೆ ಅಂದುಕೊಂಡೆ. ಎಲ್ಲಿ! ಇಬ್ಬರೂ ಫೋನಿಗೆ ಕಿವಿಯಿಟ್ಟು ನನ್ನ ಕೂಗನ್ನೇ ಮತ್ತೆ ಮತ್ತೆ ಕೇಳಿದರು. ಊಟವಾದ ಮೇಲೆ ದಬ್ಬೆ ಕಟ್ಟುತ್ತ ಕೂತಿದ್ದಾಗ ನಿಶ್ಚಿತಾ ಬಂದಳು.

"ಅಮ್ಮ, ಇನ್ನೊಂದ್ ಸಲ ಬಯ್ಯಮ್ಮ. ಹಾಡು ನಿನ್ ಬೈಗುಳ್ದಲ್ಲೇ ಮುಗೀಬೇಕು. ದೀಪು ನಗ್ಬುಟ್ಟ, ಸರ್ಯಾಗ್ ಬರ್ನಿಲ್ಲ."

ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದು ಕಾದಳು. ಬೆಳಗಿನಿಂದ ಬಿಡುವಿಲ್ಲದೆ ಬಯ್ದ ಬಾಯಿಂದ ಆಗ ಒಂದು ಬೈಗುಳವೂ ಹೊರಡಲಿಲ್ಲ. ಮೆಲ್ಲಗೆ, "ಹೋಗಿ ಮನೀಕೊ ಮಗ" ಅಂದೆ.

"ಹಿಂಗಲ್ಲ ಕಣಮ್ಮ," ಅವಳಿಗೇ ಬೇಜಾರು. "ನಿನ್ ದನೀಲಿ ಹೇಳು."

ನನ್ನ ದನಿ! ಆ ಕೂಗೇ ಅಂತೆ ನನ್ನ ದನಿ.