ಬೀಜದ ಕೋಣೆಯ ಚಿಲಕ

ಅಪ್ಪಾ,

ಪ್ರೀತಿಯ ಎಂದು ಬರೆಯಲು ಕೈ ಬರಲಿಲ್ಲ. ನೀವು ಸತ್ತು ಹನ್ನೊಂದು ವರ್ಷವಾಯಿತು, ಬೇಸರವಾಗಲಿಕ್ಕಿಲ್ಲ.

ನಿಮ್ಮ ಎಸ್ಟೇಟು ಮನೆ, ಲಾಯ, ಹೊಲಗಳ ಸಮೇತ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿದೆ. ನಿನ್ನೆ ಇಲಾಖೆಯ ಅಧಿಕಾರಿ ಅಳತೆಗೆ ಬಂದಿದ್ದರು. ನೀವು ಬರೆದಿಟ್ಟ ಎಸ್ಟೇಟಿನ ಚರಿತ್ರೆ ಅವರ ಕೈಯಲ್ಲಿತ್ತು. ಅದರಲ್ಲಿ ಮುತ್ತಜ್ಜನ ಕುದುರೆಗಳ ಹೆಸರೆಲ್ಲ ಇದೆ, ಅಮ್ಮನದಿಲ್ಲ. ಲಾಯದ ಹಿಂದಿನ ಕೋಣೆಯನ್ನು ಬಿತ್ತನೆ ಬೀಜದ ಕೋಣೆ ಎಂದು ಬರೆದಿದ್ದೀರಿ.

“ಬೀಜ ಏನು ಎದ್ದು ಓಡಿಹೋಗುತ್ತಾ? ಇಷ್ಟು ದಪ್ಪ ಚಿಲಕ ಯಾಕೆ?” ಎಂದು ಅಧಿಕಾರಿ ನಕ್ಕರು.

“ಓಡಿಹೋಗೋ ಬೀಜ ನಾನೇ ಸಾರ್,” ಎಂದಳು ಅಕ್ಕ. “ಎದುರು ಮಾತಾಡಿದಾಗೆಲ್ಲ ಅಪ್ಪ ಇಲ್ಲೇ ಕೂಡಿಹಾಕ್ತಿದ್ರು. ಒಂದ್ಸಲ ಮೂರು ದಿನ. ಬರ್ಕೊಳ್ಳಿ, ಇದೂ ಚರಿತ್ರೆನೇ ಅಲ್ವಾ?”

ಅವರು ನಗು ನಿಲ್ಲಿಸಿ ಬರೆದುಕೊಂಡರು. ನಿಮ್ಮ ಪುಟದ ಬೀಜಕ್ಕೆ ಅಡ್ಡಗೀಟು ಬಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಚಿಲಕವನ್ನು ಕಿತ್ತೆಸೆಯುತ್ತೇನೆ ಎಂದೆ. ಪಟ್ಟಿಗೆ ಸೇರಿದ ಮೇಲೆ ಒಂದು ಮೊಳೆಯನ್ನೂ ಕೀಳುವಂತಿಲ್ಲವಂತೆ. ನೆಲದಿಂದ ಚಿಲಕದ ಎತ್ತರ ಅಳೆಯಲು ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟರು.

“ಮೂರಡಿ,” ಎಂದು ಗಟ್ಟಿಯಾಗಿ ಓದಿದರು.

ಆ ಮೂರು ದಿನ ಅಕ್ಕ ಒಳಗಿದ್ದಾಗ ನನಗೆ ಒಂಬತ್ತು ವರ್ಷ. ಚಿಲಕ ನನಗೆ ಎಟುಕುತ್ತಿರಲಿಲ್ಲ ಎಂದು ಇಷ್ಟು ಕಾಲವೂ ಅವಳಿಗೆ ಹೇಳುತ್ತ ಬಂದಿದ್ದೆ.

ಅವಳು ಟೇಪನ್ನು ನೋಡಿದಳು. “ಟೀ ಕುಡೀತೀರಾ ಸಾರ್?” ಎಂದು ಅಧಿಕಾರಿಯನ್ನು ಕೇಳಿದಳು. ನನ್ನನ್ನು ಕೇಳದೆ ಒಳಗೆ ಹೋದಳು.