ಹೊಂಡದ ಮೇಲಿನ ಹುಲ್ಲು

ಮನೆಯಿಂದ, ಜುಲೈ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ ಅತ್ತೆಯ ಹಾರೈಕೆಗಳು.

ಕಾಲಿನ ಪ್ಲಾಸ್ಟರ್ ಒಳಗಿನ ತುರಿಕೆ ಕಡಿಮೆಯಾಯಿತೇ? ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತೀಯೆಂದು ನಿನ್ನ ಬಟ್ಟೆ ತವರಿಗೆ ಒಯ್ಯಲು ಬಂದ ನಿನ್ನ ತಮ್ಮ ಚಾಡಿ ಹೇಳಿದ. ಬೇಡ ಮಗಳೇ, ಗಾಯವಾದೀತು. ಮಕ್ಕಳು ಚೆನ್ನಾಗಿವೆ, ಅಜ್ಜಿಯ ಕತೆಗಳೆಲ್ಲ ಹಳೆಯವು ಎನ್ನುತ್ತಿವೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ, ಅವನ ಬಾಯಿ ಇನ್ನೂ ಚೆನ್ನಾಗಿದೆ.

ಈಗ ನಿನ್ನ ಹುಲ್ಲಿನ ಸುದ್ದಿ. ಹೊಲದ ಗೊಬ್ಬರ ಮಳೆನೀರಿನ ಜೊತೆ ಹರಿದು ಹೊಂಡ ಸೇರುತ್ತದೆ, ನೀರು ಪಾಚಿಗಟ್ಟುತ್ತದೆ, ದನ ಮೂಸಿ ನೋಡಿ ವಾಪಸು ಬರುತ್ತವೆ ಎಂದು ಹೊಲದ ಕೆಳಗಿನ ಅಂಚಿನುದ್ದಕ್ಕೂ ನೀನು ಹುಲ್ಲು ನೆಟ್ಟೆಯಲ್ಲ, ಮೊನ್ನೆಯ ಮಳೆಗೆ ಹೊಲದ ಮಣ್ಣು ಸೇರಿ ಹೊಂಡ ಮತ್ತೆ ಕೆಂಪಾಯಿತು. ನಿನ್ನ ಗಂಡನಿಗೆ ಅಷ್ಟೇ ಸಾಕಾಯಿತು. "ನೋಡಮ್ಮಾ, ನಿನ್ನ ಸೊಸೆಯ ಹುಲ್ಲು ತಡೆದಿದ್ದು. ಒಳ್ಳೆ ಜಾಗ ದಂಡ ಆಯ್ತು, ಉತ್ತು ಹಾಕ್ತೀನಿ" ಅಂದ.

ನನಗೆ ಸಮಾಧಾನವಾಗಲಿಲ್ಲ. ಹುಲ್ಲಿನ ಹತ್ತಿರ ಬಂದ ನೀರು ಏನು ಮಾಡುತ್ತದೆಂದು ನೋಡಬೇಕೆನಿಸಿತು. ನಿನ್ನೆ ಮಳೆ ಶುರುವಾದಾಗ ಕೊಡೆ ಹಿಡಿದು ಹೋಗಿ ನಿಂತೆ. ಹುಲ್ಲು ತಾಗಿದ ಕೂಡಲೇ ನೀರು ಹೊಸ ಮನೆಗೆ ಬಂದ ನೆಂಟರ ಹಾಗೆ ತಡವರಿಸುತ್ತದೆ. ಮಣ್ಣನ್ನೆಲ್ಲ ಬುಡದಲ್ಲೇ ಇಳಿಸಿ ಆಚೆಗೆ ತೆಳ್ಳಗೆ ಜಿನುಗುತ್ತದೆ. ಲೋಟದಲ್ಲಿ ಹಿಡಿದೆ, ತಳ ಕಾಣುತ್ತಿತ್ತು. ಹಾಗಾದರೆ ಹೊಂಡ ಕೆಂಪಾಗಿದ್ದು ಹೇಗೆ? ಅಂಚಿನುದ್ದಕ್ಕೂ ನಡೆದೆ. ನಿನ್ನ ಗಂಡ ಟ್ರ್ಯಾಕ್ಟರ್ ತಿರುಗಿಸುವಲ್ಲಿ ಚಕ್ರ ಹುಲ್ಲನ್ನು ಅರೆದು ನೆಲ ಕೊರೆದಿದೆ. ಹೊಲದ ನೀರೆಲ್ಲ ಆ ಜಾಡು ಹಿಡಿದು ಶಾಲೆ ಬಿಟ್ಟ ಮಕ್ಕಳ ಹಾಗೆ ಓಡುತ್ತಿತ್ತು.

"ಬಾಗಿಲು ತೆಗೆದಿಟ್ಟು ಗೋಡೆನ ಬೈತೀಯಲ್ಲೋ" ಅಂದೆ. "ಮತ್ತೆ ಎಲ್ಲಿ ತಿರುಗಿಸ್ಲಿ, ನಿನ್ನ ತಲೆ ಮೇಲಾ?" ಅಂದ. ಹೋಗಿ ನೋಡು ಎಂದರೆ ಹೋಗಲೂ ಇಲ್ಲ.

ಇನ್ನೊಂದು ವಿಚಿತ್ರ. ಹೊಲದ ಕಡೆಯ ಹುಲ್ಲು ಕಡು ಹಸಿರು, ಸೊಂಟದೆತ್ತರ. ಹೊಂಡದ ಕಡೆಯದು ಬಡಕಲು. ಬಂದ ಗೊಬ್ಬರವನ್ನೆಲ್ಲ ಮುಂದಿನ ಸಾಲೇ ನುಂಗುತ್ತಿದೆಯೇ? ಬುಡ ಬಿಟ್ಟು ಮೇಲಿನದನ್ನು ಕೊಯ್ದು ಹಸುವಿಗೆ ಹಾಕಬಹುದೇ? ಗೊತ್ತಿದ್ದರೆ ಬರೆ.

ಬೇಗ ಎರಡು ಕಾಲಲ್ಲಿ ನಡೆದು ಬಾ. ನಿನ್ನ ಅಮ್ಮನಿಗೆ ನನ್ನ ನೆನಪುಗಳು.

ನಿನ್ನ ಅತ್ತೆ

ತಾ.ಕ.: ನಾಳೆಯೇ ಹುಲ್ಲಿನ ಪಟ್ಟಿ ಉಳುತ್ತಾನಂತೆ. ಟ್ರ್ಯಾಕ್ಟರ್ ಕೀ ನನ್ನ ದಿಂಬಿನೊಳಗಿದೆ, ಅವನು ಮನೆ ತಲೆಕೆಳಗು ಮಾಡುತ್ತಿದ್ದಾನೆ. ಫೋನಿನಲ್ಲಿ ಹೇಳಿದರೆ ಅವನ ಕಿವಿಗೆ ಬೀಳುತ್ತದೆಂದು ನಿನ್ನ ತಮ್ಮನ ಕೈಲಿ ಈ ಕಾಗದ. ಸಂಜೆ ಅವನು ನಿನಗೆ ಫೋನ್ ಮಾಡಿ ಕೀ ಎಲ್ಲಿ ಎಂದು ಕೇಳಿದರೆ, "ಅತ್ತೆ ಕೊಡ್ತಾರೆ, ಇನ್ಮೇಲೆ ಟ್ರ್ಯಾಕ್ಟರ್ ಎಲ್ಲಿ ತಿರುಗಿಸ್ತೀರಿ, ಮೊದಲು ಅದು ಹೇಳಿ" ಅನ್ನು.